ನಮ್ಮ ಚಿವಾವಾಗ ಹೋದ ವರ್ಷ ಸೂಜಿ ಮಾಡಿಸಿದ ಮ್ಯಾಲ ಮೂತಿ ಬಾತಿತ್ತು, ಈ ವರ್ಷ ಮಾಡಸ್ಲೋ ಬ್ಯಾಡೋ?

ಗುಮ್ಮಟದೂರಾಕಿ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ನಾವಿರೂದು ವಿಜಯಪುರ, ಜಲನಗರದ ಕಡೆ. ನಮ್ಮ ಮನ್ಯಾಗ ಒಂದು ಚಿವಾವಾ ಜಾತಿ ಸಣ್ಣ ನಾಯಿ ಅದ, ಹೆಸರು ಭೀಮ, ತೂಕ 2 ಕಿಲೋ 800 ಗ್ರಾಂ. ನಗಬ್ಯಾಡ್ರಿ, ಹೆಸರಿಟ್ಟಾವ ನಮ್ಮ ಮೈದುನ, ಪುಣೆದಿಂದ ತಂದಾವನೂ ಅವನ, ಈಗ ಸಾಕಾಕಿ ನಾನು. ಅದಕ್ಕ ಈಗ ಎರಡು ವರ್ಷ ನಾಕು ತಿಂಗಳು. ಮರಿ ಇದ್ದಾಗ ಎಲ್ಲಾ ಸೂಜಿ ಬರೋಬರಿ ಆಗ್ಯಾವ, ಆಗ ಏನೂ ತ್ರಾಸ ಆಗಿರ್ಲಿಲ್ಲ.

ಹೋದ ವರ್ಷ ಬೂಸ್ಟರ್ ಅಂತ ಒಂದು ದವಾಖಾನಿಗೆ ಕರ್ಕೊಂಡು ಹೋದ್ವಿ. ಅಲ್ಲಿ ಒಂದ ಸಲಕ್ಕ ಸೆವೆನ್ ಇನ್ ಒನ್ನೂ (ಹಲವು ರೋಗಕ್ಕ ಕೂಡೇ ಒಂದ ಸೂಜಿ) ಚುಚ್ಚಿ, ರೇಬೀಸೂ ಚುಚ್ಚಿ, ಜಂತದ ಗುಳಗಿ ನುಂಗ್ಸಿ, ಉಣ್ಣಿಗೆ ಅಂತ ಬೆನ್ನ ಮ್ಯಾಲ ಏನೋ ಔಷಧ ಹನಿ ಹಾಕಿ, ಆತು ನಡೀರಿ ಅಂದ್ರು. ಎಲ್ಲಾ ಸೇರಿ ಹತ್ತ ಮಿನಿಟ್ನ್ಯಾಗ ಮುಗೀತು, ನಮಗೂ ಖುಷಿನ ಆತು ಖರೆ ಹೇಳ್ಬೇಕಂದ್ರ. ಮನಿಗೆ ಬಂದು ಅರ್ಧಾ ತಾಸು ಆಗಿರ್ಬೇಕು, ಮೂತಿ ತಿಕ್ಕೊಳ್ಳಾಕ ಸುರು ಮಾಡ್ತು, ನೋಡ್ತಾ ನೋಡ್ತಾ ಮೂತಿ ಉಬ್ಬಿ ಕಣ್ಣು ಮುಚ್ಚಿ ಥೇಟ್ ಎಣ್ಣಿಯೊಳಗಿನ ಪುರಿ ಆದಂಗ ಆತು, ಹೊಟ್ಟಿ ಮ್ಯಾಲ ಪಿತ್ತದ ಗಂಧಿ ಎದ್ದು, ಎರಡು ಸಲ ವಾಂತಿ. ಫೋನ್ ಮಾಡಿದ್ರ ಅವ್ರು ಎತ್ಲಿಲ್ಲ, ಮಧ್ಯಾಹ್ನ ಊಟದ ಹೊತ್ತು, ಬಾಗ್ಲ ಹಾಕಿದ್ರು. ಕಡೀಕ ಆಟೋ ಹಿಡ್ದು ಬ್ಯಾರೆ ಡಾಕ್ಟ್ರ ಹತ್ರ ಓಡಿದ್ವಿ, ಅವ್ರು ಅಲರ್ಜಿ ಇಳಸೂ ಏವಿಲ್ ಇಂಜೆಕ್ಷನ್ನೂ ಸ್ಟಿರಾಯ್ಡೂ ಕೊಟ್ಟ ಮ್ಯಾಲ ಸಂಜಿಗೆ ಬಾವು ಇಳೀತು.

ಈಗ ಕಾರ್ಡ್‌ನ್ಯಾಗ ಬರದ ತಾರೀಖು ಬಂತು. ನಮ್ಮ ಅತ್ತಿ ಅಂತಾರ, ಅದು ಹೊರಗ ಹೋಗಂಗಿಲ್ಲ ಏನಿಲ್ಲ, ಅದಕ್ಯಾಕ ಸೂಜಿ, ಸಾಯಸ್ತೀಯೇನು ಅಂತ. ನಮ್ಮ ಮನಿಯವ್ರು ಅರ್ಧಾ ಡೋಸ್ ಹಾಕ್ಸೂಣು ಅಂತಾರ. ಬಾಜೂ ಮನಿಯವ್ರು ಮೆಡಿಕಲ್ನ್ಯಾಗಿಂದ ತಂದ್ರ ನಮ್ಮ ಕಂಪೌಂಡರ್ ಮನಿಗೇ ಬಂದು ಚುಚ್ತಾನ, ದವಾಖಾನಿ ಯಾಕ ಅಂತಾರ. ನನಗ ಯಾರ ಮಾತು ಕೇಳ್ಬೇಕು ತಿಳೀವಲ್ದು. ಮ್ಯಾಲ ಇದು ಏಪ್ರಿಲ್, ನಮ್ಮೂರ ಬಿಸಲ ನಿಮಗ ಗೊತ್ತ ಅದ. ಸಣ್ಣ ನಾಯಿ ಸಾಕಿದಾವ್ರು ಯಾರರ ಇದ್ರ ಹೇಳ್ರಿ, ನೀವು ಹೆಂಗ ಮಾಡಸ್ತೀರಿ?

ಕುಂದಾನ ಅವ್ವ (ಬೆಳಗಾವಿ, ತಿಲಕವಾಡಿ)

ಅಯ್ಯ ತಂಗಿ, ಓದಿ ಹೊಟ್ಯಾಗ ಕಲಸಿದಂಗ ಆತು, ನಮ್ಮ ಕಥೀನ ಬರದಂಗ ಐತಿ. ನಮ್ಮದು ಡಾಕ್ಸಂಡ್, ಬಣ್ಣ ಕುಂದಾದಂಗ ಐತಿ ಅಂತ ಹೆಸರೂ ಕುಂದಾನ ಇಟ್ಟೀವಿ, 7 ಕಿಲೋ. ಅದಕ್ಕೂ ಎರಡನೇ ವರ್ಷ ಎರಡು ಸೂಜಿ ಕೂಡೇ ಮಾಡಿದ ದಿನ ಹಿಂಗ ಆಗಿತ್ತು. ಅದೂ ಶನಿವಾರ ಸಂಜಿ ಮುಂದ. ರಾತ್ರಿ ಹತ್ತಕ್ಕ ಮೂತಿ ಬಾತ್ರ ಐತವಾರ ಮುಂಜಾನೆ ತನಕ ಯಾರನ್ನ ಹುಡುಕ್ತೀರಿ? ಅವತ್ತು ನಮ್ಮ ಯಜಮಾನ್ರು ಸ್ಕೂಟರ್ ಮ್ಯಾಲ ಕ್ಯಾಂಪ್ ತನಕ ಹೋಗಿ, ಅಲ್ಲಿಂದ ಶಹಾಪುರ, ಅಲ್ಲಿಂದ ಇನ್ನೆಲ್ಲೋ, ಮಳಿ ಬ್ಯಾರೆ ಧೋ ಅಂತ ಸುರ್ಯಾಕತ್ತಿತ್ತು, ಹೆಂಗೋ ಒಬ್ರು ಡಾಕ್ಟ್ರು ಮನಿ ಬಾಗ್ಲ ತಗದ್ರು ಅಂತ ಉಳೀತು.

ಆದ್ರ ಸೂಜಿ ಬಿಟ್ಟಿಲ್ಲ ನಾವು. ಆಮ್ಯಾಲಿಂದ ಮೂರು ವರ್ಷ ಆತು, ಒಂದು ಸಲಕ್ಕ ಒಂದ ಸೂಜಿ, ಎರಡನೇದು ನಾಕು ವಾರ ಬಿಟ್ಟು. ಯಾವಾಗ್ಲೂ ಮಂಗಳವಾರನೋ ಬುಧವಾರನೋ ಮುಂಜಾನೆ ಬಾಗ್ಲ ತಗ್ಯೂದ್ರಾಗ ಹೋಗೂದು, ಯಾಕಂದ್ರ ಏನರ ಆದ್ರ ಡಾಕ್ಟ್ರು ಇಡೀ ದಿನ ಅಲ್ಲೇ ಇರ್ತಾರ, ಮರುದಿನಾನೂ ಇರ್ತಾರ. ಚುಚ್ಚಿಸಿದ ಮ್ಯಾಲ ಮುಕ್ಕಾಲು ತಾಸು ಅಲ್ಲೇ ಕಟ್ಟಿ ಮ್ಯಾಲ ಕುಂದರೂದು, ಡಾಕ್ಟ್ರು ಹೋಗ್ರಿ ಅಂದ್ರೂ ಎದ್ದು ಬರಂಗಿಲ್ಲ ನಾ. ಮನಿಗೆ ಬಂದ ಮ್ಯಾಲೂ ಅವತ್ತು ಮನಿ ಬಿಟ್ಟು ಎಲ್ಲೂ ಹೋಗೂದಿಲ್ಲ. ಕಾರ್ಡ್ ಮ್ಯಾಲ ಕೆಂಪ ಪೆನ್ನಿಲೆ ದೊಡ್ಡದಾಗಿ ಬರಸೀನಿ, ಯಾವ ತಾರೀಖಿಗೆ ಯಾವ ಲಸಿಕಿಗೆ ಬಾವು ಬಂದಿತ್ತು ಅಂತ. ಡಾಕ್ಟ್ರು ಬದ್ಲಾಗ್ತಾರ, ನಮಗೂ ಮರೀತೈತಿ, ಕಾರ್ಡಿಗೆ ಮರಿಯಂಗಿಲ್ಲ ನೋಡವಾ. ನಿನ್ನ ಕಡೆ ಅವತ್ತಿನ ಫೋಟೋ ಇದ್ರ ಅದನ್ನೂ ತೋರ್ಸು.

ಒಂದು ಕೇಳ್ತೀನಿ, ಹೋದ ವರ್ಷದ್ದು ಯಾವ ಕಂಪನಿ ಲಸಿಕಿ ಅಂತ ಗೊತ್ತೈತೇನು? ಕಾರ್ಡಿಗೆ ಬಾಟ್ಲಿ ಮ್ಯಾಲಿನ ಸ್ಟಿಕರ್ ಹಚ್ಚಿರ್ತಾರ, ನೋಡು.

ನವನಗರ ಮಾಮಾ (ಬಾಗಲಕೋಟೆ)

ಇಷ್ಟೆಲ್ಲಾ ಯಾಕ್ರಿ. ಸೀದಾ ಅರ್ಧಾ ಡೋಸ್ ಹಾಕಸ್ರಿ. ನಮ್ಮ ಪಗ್ಗಿಗೆ ನಾನು ಮೊದಲಿಂದ ಅರ್ಧಾನ, ಒಬ್ರು ಕಂಪೌಂಡರ್ ಅದಾರ, ಮನಿಗೇ ಬರ್ತಾರ, ಒಂದು ಬಾಟ್ಲಿ ನಮ್ಮ ಪಗ್ಗಿಗೂ ನಮ್ಮ ಷಡ್ಡಕನ ಪಾಮೇರಿಯನ್ನಿಗೂ ಆಗ್ತದ. ಇವತ್ತಿನ ತನಕ ಒಂದು ಗಂಧಿ ಎದ್ದಿಲ್ಲ. ನೀವ ಯೋಚನಿ ಮಾಡ್ರಿ, 3 ಕಿಲೋದ ಚಿವಾವಾಗೂ 45 ಕಿಲೋದ ರಾಟ್‌ವೀಲರಿಗೂ ಒಂದ ಎಂಎಲ್ ಅಂದ್ರ ಅದೇನು ಲೆಕ್ಕ? ಜ್ವರದ ಗುಳಗಿ ನಾವು ಕೂಸಿಗೆ ಅರ್ಧಾ ಕೊಡಂಗಿಲ್ಲೇನು? ಕಂಪನಿಯವ್ರಿಗೆ ಬಾಟ್ಲಿ ಮಾರೂದು, ಅಷ್ಟ.

ಅಥಣಿ ಅಜ್ಜ (ನಿವೃತ್ತ ಪಶುವೈದ್ಯ)

ಮಾಮಾ ಅವ್ರ ಪ್ರಶ್ನೆ ಚೊಲೋ ಐತಿ, ಉತ್ತರ ತಪ್ಪೈತಿ. ಸರ್ವಿಸ್‌ನ್ಯಾಗ ಇದ್ದಾಗ ಇದನ್ನ ನನಗ ನೂರು ಮಂದಿ ಕೇಳ್ಯಾರ, ಸಿಟ್ಟಿಗೇಳದ ಓದ್ರಿ.

ಗುಳಗಿ ಬ್ಯಾರೆ, ಲಸಿಕಿ ಬ್ಯಾರೆ. ಗುಳಗಿ ರಕ್ತದಾಗ ಕಲತು ಮೈ ತುಂಬಾ ಹಂಚ್ಕೊಳ್ಳೂದು, ಅದಕ್ಕ ತೂಕದ ಲೆಕ್ಕ. ಲಸಿಕಿ ಮಾಡೂದು ಏನಂದ್ರ ಮೈಯಾಗಿನ ಕಾವಲುಗಾರಗ ಕಳ್ಳನ ಫೋಟೋ ತೋರಸೂದು, ಇಂವ ಬಂದ್ರ ಬಿಡಬ್ಯಾಡ ಅಂತ. ಕಾವಲುಗಾರ ಗಿಡ್ಡ ಅದಾನಂತ ನೀವು ಅರ್ಧಾ ಫೋಟೋ ಹರದು ತೋರಸ್ತೀರೇನು? ಒಂದು ಬಾಟ್ಲ್ಯಾಗ ಇರೂದು ಕಾವಲು ಎಬ್ಬಿಸಾಕ ಬೇಕಾದಷ್ಟು, ಚಿವಾವಾಗೂ ಅಷ್ಟ, ಗ್ರೇಟ್ ಡೇನ್‌ಗೂ ಅಷ್ಟ. ಅರ್ಧಾ ಮಾಡಿದ್ರ ಕಾವಲುಗಾರ ಎದ್ದಾನೋ ಮಲಗ್ಯಾನೋ ಯಾರಿಗೂ ಗೊತ್ತಾಗಂಗಿಲ್ಲ, ಕಾರ್ಡ್ ಮ್ಯಾಲ ಮಾತ್ರ ಲಸಿಕಿ ಆಗೇತಿ ಅಂತ ಇರ್ತೈತಿ. ಮಾಮಾ, ನಿಮ್ಮ ಪಗ್ಗಿಗೆ ಗಂಧಿ ಎದ್ದಿಲ್ಲ ಅಂದ್ರ ಚೊಲೋನ ಆತು, ಆದ್ರ ರೇಬೀಸ್ ಕಾವಲು ಐತೋ ಇಲ್ಲೋ ಅನ್ನೂದು ಗಂಧಿ ನೋಡಿ ಹೇಳಾಕ ಬರಂಗಿಲ್ಲ.

ಇನ್ನೊಂದು ಮಾತು, ಅಲರ್ಜಿ ಅನ್ನೂದು ಅರ್ಧಾ ಎಂಎಲ್ಲಿಗೂ ಆಗ್ತೈತಿ. ಲಸಿಕಿ ತಯಾರು ಮಾಡುವಾಗ ಉಳದ ಒಂಚೂರು ಪ್ರೋಟೀನಿಗೆ ಮೈ ಸಿಟ್ಟಿಗೇಳೂದು ಅದು. ಜೇನುಹುಳ ಕಡದ್ರ ಆಗೂದಿಲ್ಲೇನು, ಅದರ ಮುಳ್ಳಿನಾಗ ವಿಷ ಎಷ್ಟಿರ್ತೈತಿ?

ಆದ್ರ ಸಣ್ಣ ನಾಯಿಗೆ ತ್ರಾಸ ಹೆಚ್ಚು ಅನ್ನೂದು ಸುಳ್ಳಲ್ಲ. 2005ರಾಗ ಅಮೆರಿಕಾದ ಪಶುವೈದ್ಯರ ಜರ್ನಲ್‌ನ್ಯಾಗ ಒಂದು ದೊಡ್ಡ ಅಧ್ಯಯನ ಬಂತು, 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ತಗದು, ಲಸಿಕಿ ಆದ ಮೂರು ದಿನದಾಗ ಏನೇನಾತು ಅಂತ ನೋಡಿದ್ರು. 10,000 ನಾಯಿಗೆ ಸುಮಾರು 38ಕ್ಕ ಏನರ ತ್ರಾಸ ಆಗಿತ್ತು, ಅಂದ್ರ ಸಾವಿರಕ್ಕ ನಾಕೂ ಇಲ್ಲ. ಅವರಾಗ ಮುಂದಿದ್ದ ತಳಿ ಯಾವು ಅಂದ್ರ ಡಾಕ್ಸಂಡ್, ಪಗ್, ಬಾಸ್ಟನ್ ಟೆರಿಯರ್, ಮಿನಿಯೇಚರ್ ಪಿನ್ಷರ್, ಚಿವಾವಾ. ಎಲ್ಲಾ ನಿಮ್ಮ ಮಂದಿನ ನೋಡ್ರಿ. ಇದಕ್ಕಿಂತ ಮುಖ್ಯ ಮಾತು ಏನಂದ್ರ ಒಂದ ಭೇಟಿಯಾಗ ಒಂದು ಲಸಿಕಿ ಹೆಚ್ಚು ಮಾಡಿದ್ರ 10 ಕಿಲೋ ಒಳಗಿನ ನಾಯಿಗೆ ಅಪಾಯ ಶೇಕಡಾ 27 ಏರ್ತಿತ್ತು, 12 ಕಿಲೋ ದಾಟಿದ್ದಕ್ಕ ಶೇಕಡಾ 12 ಅಷ್ಟ. ಅದಕ್ಕ ನಾ ಹೇಳೂದು, ಸಣ್ಣ ನಾಯಿಗೆ ಡೋಸ್ ಕಡಿಮಿ ಮಾಡಬ್ಯಾಡ್ರಿ, ಒಂದ ದಿನ ಚುಚ್ಚೂ ಸೂಜಿ ಕಡಿಮಿ ಮಾಡ್ರಿ. ಕುಂದಾನ ಅವ್ವ ಯಾರೂ ಹೇಳದ ಅದನ್ನ ಮಾಡ್ಯಾರ.

ಈಗ ವಿಜಯಪುರದ ತಂಗಿ, ನಿಮ್ಮ ಭೀಮಗ ಅವತ್ತು ನಾಕು ವಸ್ತು ಒಮ್ಮೆಲೆ ಆಗ್ಯಾವ, ಎರಡು ಸೂಜಿ, ಒಂದು ಗುಳಗಿ, ಒಂದು ಉಣ್ಣಿ ಔಷಧ. ಯಾವುದರಿಂದ ಆತು ಅಂತ ಬ್ರಹ್ಮ ಬಂದ್ರೂ ಹೇಳಾಕ ಆಗಂಗಿಲ್ಲ. ಬಹುತೇಕ ಲಸಿಕಿನ ಇರ್ಬೇಕು, ಆದ್ರ ಯಾವ ಲಸಿಕಿ? ಇನ್ಮ್ಯಾಗ ಇವನ್ನೆಲ್ಲಾ ಬಿಡಿಬಿಡಿಯಾಗಿ ಮಾಡಸ್ರಿ, ಜಂತದ ಔಷಧ ಒಂದು ವಾರ ಮೊದ್ಲ ಮುಗಿಸಿಬಿಡ್ರಿ.

ನಿಮ್ಮ ಡಾಕ್ಟ್ರಿಗೆ ಒಳಗ ಹೋಗೂಕಿಂತ ಮೊದ್ಲ ಹೋದ ವರ್ಷದ ಕಥಿ ಹೇಳ್ರಿ, ಸೂಜಿ ಸಿರಿಂಜಿಗೆ ತುಂಬಿದ ಮ್ಯಾಲ ಅಲ್ಲ. ಬರೇ ಮೂತಿ ಬಾತು ಗಂಧಿ ಎದ್ದದ್ದು ಬ್ಯಾರೆ, ನೆಲಕ್ಕ ಬಿದ್ದು ವಸಡಿ ಬೆಳ್ಳಗಾಗಿ ಉಸರು ಕಟ್ಟಿದ್ದು ಬ್ಯಾರೆ. ನಿಮ್ಮದು ಮೊದಲನೇ ತರಹದ್ದು, ಆದ್ರ ವಾಂತಿನೂ ಆಗೇತಿ, ಹಂಗಾಗಿ ಹಗರ ತಗೋಬ್ಯಾಡ್ರಿ. ಇಂಥಾ ನಾಯಿಗೆ ಸುಮಾರು ಡಾಕ್ಟ್ರು ಲಸಿಕಿಗಿಂತ ಮೊದ್ಲ ಅಲರ್ಜಿ ಇಂಜೆಕ್ಷನ್ ಕೊಡ್ತಾರ, ಬ್ಯಾರೆ ಕಂಪನಿ ಲಸಿಕಿ ಹಾಕ್ತಾರ, ಉಸರು ಕಟ್ಟಿ ಬಿದ್ರ ಉಳಸೂ ಅಡ್ರಿನಲಿನ್ ಇಂಜೆಕ್ಷನ್ ಕೈಯಾಗ ಇಟ್ಕೊಂಡಿರ್ತಾರ, ಒಂದು ತಾಸು ಕುಂದರಸ್ತಾರ. ಕಂಪೌಂಡರ್ ಚೀಲದಾಗ ಅಡ್ರಿನಲಿನ್ ಇರಂಗಿಲ್ಲ, ಅದು ದವಾಖಾನ್ಯಾಗ ಇರ್ತೈತಿ. ಮನಿಗೆ ಕರಸಬ್ಯಾಡ್ರಿ ಅನ್ನಾಕ ಇದೊಂದ ಕಾರಣ ಸಾಕು.

ಮತ್ತ ಲಸಿಕಿ 2ರಿಂದ 8 ಡಿಗ್ರಿ ತಂಪಿನಾಗ ಇರ್ಬೇಕು. ಮೆಡಿಕಲ್‌ನ್ಯಾಗಿಂದ ತಗೊಂಡು ಪ್ಲಾಸ್ಟಿಕ್ ಚೀಲದಾಗ ಹಾಕಿ ವಿಜಯಪುರದ ಏಪ್ರಿಲ್ ಬಿಸಲಾಗ ಗಾಡಿ ಹ್ಯಾಂಡಲ್‌ಗೆ ತೂಗ ಹಾಕ್ಕೊಂಡು ಬಂದ್ರ ಒಳಗಿದ್ದದ್ದು ಬರೇ ನೀರಾಗಿರಬಹುದು. ಬರ್ಫದಾಗ ಹುಗದಿಟ್ರೂ ತಪ್ಪು, ರೇಬೀಸ್ ಮತ್ತ ಲೆಪ್ಟೋ (ಇಲಿ ಉಚ್ಚಿಯಿಂದ ಬರೂ ರೋಗ) ಲಸಿಕಿ ಹೆಪ್ಪುಗಟ್ಟಿದ್ರ ಕೆಟ್ಟ ಹೋಗ್ತಾವ.

ಗುಮ್ಮಟದೂರಾಕಿ

ಅಜ್ಜಾರ ನಿಮ್ಮ ಕಾಲಿಗೆ ಬೀಳ್ತೀನ್ರಿ, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಕುಂದಾನ ಅವ್ವಾರ, ಕಾರ್ಡ್ ತಗದು ನೋಡ್ದೆ, ಸೆವೆನ್ ಇನ್ ಒನ್ ಸ್ಟಿಕರ್ ಅದ, ರೇಬೀಸಿನದು ಸ್ಟಿಕರ್ ಇಲ್ಲ, ಪೆನ್ನಿಲೆ ಬರೇ ಎಆರ್‌ವಿ ಅಂತ ಗೀಚ್ಯಾರ, ಕಂಪನಿ ಹೆಸರೂ ಇಲ್ಲ ಬ್ಯಾಚ್ ನಂಬರೂ ಇಲ್ಲ.

ಅಜ್ಜಾರ ಎರಡು ಡೌಟ್ ಅದಾವ್ರಿ. ಒಂದು, ನಮ್ಮ ಅತ್ತಿಗೆ ಏನು ಹೇಳ್ಲಿ, ಭೀಮ ಖರೇನ ಹೊರಗ ಹೋಗಂಗಿಲ್ಲ, ಮಾಳಗಿ ಮ್ಯಾಲ ಹೋಗ್ತದ, ಸಂಜಿಕೆ ಅಂಗಳದಾಗ ತಿರಗ್ತದ, ಅಷ್ಟ. ಎರಡು, ಸೆವೆನ್ ಇನ್ ಒನ್ ವರ್ಷಾ ವರ್ಷಾ ಬೇಕೇ ಬೇಕೇನ್ರಿ? ಒಬ್ರು ಬೇಕು ಅಂತಾರ, ಒಬ್ರು ಮೂರು ವರ್ಷಕ್ಕೊಮ್ಮೆ ಅಂತಾರ.

ಮತ್ತ ಮನ್ಯಾಗ ಏವಿಲ್ ಗುಳಗಿ ಅದಾವ, ಹೋಗೂಕಿಂತ ಮೊದ್ಲ ನಾನ ಒಂದು ಕೊಟ್ಟು ಕರ್ಕೊಂಡು ಹೋದ್ರ ನಡೀತದೇನು?

ಮುಧೋಳ ಹೊಲದ ಹುಡುಗ

ನಡಕ ಬಾಯಿ ಹಾಕ್ತೀನಿ ಕ್ಷಮಿಸ್ರಿ. ನಮ್ಮವು ಮುಧೋಳ ನಾಯಿ ಎರಡು ಅದಾವು, ಒಂದೊಂದು 24 ಕಿಲೋ ಮ್ಯಾಲ. ತಿಮ್ಮಾಪುರದಾಗ ಸಂಶೋಧನಾ ಕೇಂದ್ರ ಐತಲ್ರಿ, ಅದು ನಮಗ ಹತ್ರ, ಹಂಗಾಗಿ ನಮ್ಮ ಕಡೆ ನಾಯಿ ವಿಷಯ ಅಂದ್ರ ಎಲ್ಲಾರೂ ಡಾಕ್ಟ್ರ. ನಮ್ಮವಕ್ಕ ಎರಡೂ ಸೂಜಿ ಒಂದ ದಿನ ಮಾಡಸ್ತೀವಿ, ಮಾಡಿಸಿ ಬಂದ ಸಂಜೀಕ ಮೊಲದ ಹಿಂದ ಓಡಾಕ ತಯಾರು ಇರ್ತಾವು. ಇವ್ರ ಭೀಮನ ಕಥಿ ಓದಿ ನಗೂನೂ ಬಂತು ಪಾಪನೂ ಅನಸ್ತು.

ನಾ ಕೇಳೂದು ಲೆಪ್ಟೋ ಬಗ್ಗೆ. ನಮ್ಮದು ಕಬ್ಬಿನ ಹೊಲ, ಇಲಿ ಹೆಗ್ಗಣ ಲೆಕ್ಕಿಲ್ಲ, ಘಟಪ್ರಭಾ ನೀರು ಬಂದ್ರ ಹೊಲದಾಗ ನಿಂತ ಬಿಡ್ತೈತಿ, ನಾಯಿ ಅದರಾಗ ಆಡ್ತಾವು. ಲೆಪ್ಟೋ ಇದ್ದ ಸೂಜೀನ ರಿಯಾಕ್ಷನ್ ಮಾಡ್ತೈತಿ, ಅದನ್ನ ತಗಸ್ರಿ ಅಂತ ಒಬ್ಬಾವ ವಿಡಿಯೋದಾಗ ಹೇಳಿದ್ದ, ಖರೆ ಏನ್ರಿ?

ಅಥಣಿ ಅಜ್ಜ

ಮೊದ್ಲ ಏವಿಲ್ ಮಾತು. ನೀವಾಗಿ ಕೊಡಬ್ಯಾಡ್ರಿ. 2 ಕಿಲೋ 800 ಗ್ರಾಂ ನಾಯಿಗೆ ಎಷ್ಟು ಅನ್ನೂದು ತೂಗಿ ಲೆಕ್ಕ ಹಾಕ್ಬೇಕು, ಅದನ್ನ ನಾನೂ ಇಲ್ಲಿ ಬರಿಯಂಗಿಲ್ಲ, ಕಣ್ಣಿಗೆ ಕಾಣದ ನಾಯಿಗೆ ಗುಳಗಿ ಬರ್ಯೂದು ನನ್ನ ಚಟ ಅಲ್ಲ. ಅದಕ್ಕಿಂತ ಹೆಚ್ಚಿಗಿ, ಲಸಿಕಿ ಮಾಡಿಸಿ ಬಂದ ಮ್ಯಾಲ ಮೈ ಬಿಸಿ ಅನಸ್ತು ಅಂತ ಮನ್ಯಾಗಿನ ಜ್ವರದ ಗುಳಗಿ ಹಾಕಬ್ಯಾಡ್ರಿ, ನಿಮ್ಮ ಪ್ಯಾರಾಸಿಟಮಾಲ್ ಆಗ್ಲಿ ಐಬುಪ್ರೊಫೆನ್ ಆಗ್ಲಿ ಇಷ್ಟು ಸಣ್ಣ ನಾಯಿಯ ಲಿವರ್ರು ಕಿಡ್ನಿ ಕೆಡಸ್ತಾವ. ನಾಯಿ ಮೈ ನಮಗಿಂತ ಬಿಸಿನ ಇರೂದು, 101ರಿಂದ 102.5 ಫ್ಯಾರನ್‌ಹೀಟ್ ತನಕ ಅದಕ್ಕ ಸಹಜ.

ನಿಮ್ಮ ಅತ್ತಿಯವರಿಗೆ ಹೇಳ್ರಿ, ಭೀಮ ಹೊರಗ ಹೋಗಂಗಿಲ್ಲ ಅಂದ್ರೂ ಹೊರಗಿಂದು ಒಳಗ ಬರ್ತೈತಿ. ಮಾಳಗಿ ಮ್ಯಾಲ ಮಂಗ್ಯಾ ಬರಂಗಿಲ್ಲೇನು, ಬೆಕ್ಕು ಬರಂಗಿಲ್ಲೇನು, ಗೇಟಿನ ಸಂದ್ಯಾಗ ಓಣಿ ನಾಯಿ ಮೂತಿ ಹಾಕಂಗಿಲ್ಲೇನು? ರೇಬೀಸ್ ಲಕ್ಷಣ ಕಾಣಿಸ್ಕೊಂಡ್ರ ನಾಯಿ ಆಗ್ಲಿ ಮನಿಷ್ಯಾ ಆಗ್ಲಿ ಉಳಿಯೂದು ಇಲ್ಲ ಅಂತನ ತಿಳೀರಿ. ಜಗತ್ತಿನಾಗ ರೇಬೀಸಿನಿಂದ ಸಾಯೂ ಮಂದಿಯಾಗ ಶೇಕಡಾ 36 ನಮ್ಮ ದೇಶದಾವ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ. ಸಣ್ಣ ನಾಯಿ ಕಡದ್ರೂ ಕಡತನ, ಮನಿಗೆ ಬಂದ ಹುಡುಗರಿಗೆ ಭೀಮ ಹಲ್ಲು ಹಚ್ಚಿದ್ರ ಮೊದ್ಲ ಕೇಳೂ ಮಾತ ನಾಯಿಗೆ ಇಂಜೆಕ್ಷನ್ ಆಗೇತೇನು ಅಂತ. ರೇಬೀಸ್ ಬಿಡೂ ಮಾತು ಬ್ಯಾಡ. ನಾಯಿಗೆ ವಾಂತಿ ಭೇದಿ ತರೂ ಪಾರ್ವೋ ಅಂತೂ ಚಪ್ಪಲಿಗೆ ಹತ್ತಿದ ಮಣ್ಣಿನಾಗ ಬರ್ತೈತಿ, ಅದು ಮಣ್ಣಿನಾಗ ತಿಂಗಳಗಟ್ಲೆ ಬದುಕೂ ವೈರಸ್ಸು.

ಈಗ ವರ್ಷಾ ವರ್ಷಾ ಬೇಕೇನು ಅನ್ನೂದು. ಸೆವೆನ್ ಇನ್ ಒನ್ ಅಂತ ಒಂದ ಹೆಸರು ಹೇಳ್ತೀವಿ, ಆದ್ರ ಅದರಾಗ ಎರಡು ಜಾತಿ ಐತಿ. ಬಿಳೆ ಪುಡಿ ಬಾಟ್ಲಿ ಒಂದು, ನೀರಿನಂಥಾದ್ದು ಒಂದು, ನಿಮ್ಮ ಮುಂದ ಕೂಡಸ್ತಾರ ನೋಡ್ರಿ. ಪುಡಿಯಾಗ ಡಿಸ್ಟೆಂಪರ್, ಪಾರ್ವೋ, ಅಡಿನೋ ವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಇವು ಬಲ ತಗದ ಜೀವಂತ ವೈರಸ್. ನೀರಿನ್ಯಾಗ ಇರೂದು ಬಹುತೇಕ ಲೆಪ್ಟೋ, ಅದು ಸತ್ತ ಬ್ಯಾಕ್ಟೀರಿಯಾ. ಡಿಸ್ಟೆಂಪರ್, ಪಾರ್ವೋ, ಅಡಿನೋ ಈ ಮೂರಕ್ಕ ಮರಿ ಇದ್ದಾಗಿನ ಸರಣಿ ಬರೋಬರಿ ಆಗಿ, ಆಮ್ಯಾಲ ಒಂದು ಬೂಸ್ಟರ್ ಆದ್ರ ಮುಂದ ಮೂರು ವರ್ಷಕ್ಕಿಂತ ಮೊದ್ಲ ಚುಚ್ಚೂದು ಬ್ಯಾಡ ಅಂತ ಜಾಗತಿಕ ಸಣ್ಣ ಪ್ರಾಣಿಗಳ ಪಶುವೈದ್ಯ ಸಂಘ, ವಸಾವಾ ಅಂತ ಕರೀತಾರ, ಅವ್ರ ಮಾರ್ಗಸೂಚಿಯಾಗ ಐತಿ, 2024ರ ಹೊಸದರಾಗೂ ಅದನ್ನ ಹೇಳ್ಯಾರ. ಲೆಪ್ಟೋದ ಕಾವಲು ಅಷ್ಟು ದಿನ ನಿಲ್ಲಂಗಿಲ್ಲ, ಅದು ವರ್ಷಕ್ಕೊಮ್ಮೆ ಬೇಕು. ರೇಬೀಸ್ ಕೆಲವು ದೇಶದಾಗ ಮೂರು ವರ್ಷಕ್ಕೊಮ್ಮೆ, ನಮ್ಮ ಕಡೆ ವರ್ಷಕ್ಕೊಮ್ಮೆ ಮಾಡಸೂದು ರೂಢಿ, ಇಷ್ಟು ಹುಚ್ಚುನಾಯಿ ಇರೂ ಊರಾಗ ಅದನ್ನ ಪಾಲಿಸ್ರಿ.

ಅಂದ್ರ ಭೀಮಗ ಮರಿ ಸರಣಿ ಆಗೇತಿ, ಹೋದ ವರ್ಷ ಬೂಸ್ಟರೂ ಆಗೇತಿ, ಹಂಗಾದ್ರ ಈ ವರ್ಷ ಪುಡಿ ಬಾಟ್ಲಿ ಅವಸರ ಇಲ್ಲ. ಇದನ್ನ ಡಾಕ್ಟ್ರ ಮುಂದ ಇಡ್ರಿ, ಅವ್ರು ಸ್ಟಿಕರ್ ನೋಡಿ ಆ ಕಂಪನಿ ಲೇಬಲ್ ಏನು ಹೇಳ್ತೈತಿ ಅಂತ ನಿರ್ಣಯ ಮಾಡ್ಲಿ. ರೇಬೀಸ್ ಒಂದ ಮಾಡಸ್ರಿ ಈ ಸಲ. ಅದು ಆರಾಮ ಆತಂದ್ರ ಅರ್ಧಾ ಸಂಶಯ ಹೋತು.

ಮುಧೋಳದ ತಮ್ಮಾ, ನಿನಗ ಲೆಪ್ಟೋ ಬೇಕೇ ಬೇಕು. ಇಲಿ ಉಚ್ಚಿ ನೀರಿಗೆ ಸೇರಿ, ನಿಂತ ನೀರಿನಿಂದ ನಾಯಿಗೆ, ನಾಯಿಯಿಂದ ನಿನಗೂ ಬರೂ ರೋಗ ಅದು, ಹೊಲದಾಗ ಬರಿಗಾಲಿಲೆ ಕೆಲಸ ಮಾಡೂ ನಿನಗಂತೂ ಸೀದಾ ಇಲಿಯಿಂದನ ಬರ್ತೈತಿ. ವಿಡಿಯೋದಾವ ಹೇಳಿದ್ದು ಹಳೇ ಮಾತು, ಮೊದಲಿನ ಲಸಿಕಿಗೆ ಹಂಗ ಹೆಸರಿತ್ತು, ನಾ ಹೇಳಿದ ಆ 2005ರ ಅಧ್ಯಯನದಾಗ ಲೆಪ್ಟೋನ ಕೆಟ್ಟದ್ದು ಅಂತ ಸಿದ್ಧ ಆಗಲಿಲ್ಲ. ಭೀಮ ಮಾಳಗಿ ಮ್ಯಾಲ ಇರಾವ, ವಿಜಯಪುರದ ಒಣ ಭೂಮಿ, ಅದಕ್ಕ ಲೆಪ್ಟೋ ಬೇಕೋ ಬ್ಯಾಡೋ ಅನ್ನೂದು ಮನ್ಯಾಗ ಇಲಿ ಎಷ್ಟ ಅದಾವ ಅನ್ನೂದರ ಮ್ಯಾಲ. ಕುಂದಾನ ಅವ್ವ, ನಿಮ್ಮ ಬೆಳಗಾವಿ ಮಳಿಗೆ ಬಿಡಬ್ಯಾಡ್ರಿ.

ಕುಂದಾನ ಅವ್ವ (ಬೆಳಗಾವಿ, ತಿಲಕವಾಡಿ)

ಬಿಡಂಗಿಲ್ರಿ ಅಜ್ಜಾರ, ನಮ್ಮ ಹಿತ್ಲಾಗ ಹೆಗ್ಗಣ ಬೆಕ್ಕಿಗಿಂತ ದೊಡ್ಡವು ಅದಾವು, ಬೆಕ್ಕ ಅವಕ್ಕ ದಾರಿ ಬಿಡ್ತೈತಿ. ಜೂನ್ ಬರೂಕಿಂತ ಮೊದ್ಲ ಮಾಡಿಸಿ ಮುಗಸ್ತೀನಿ.

ತಂಗಿ, ಇನ್ನೊಂದು ನೆನಪಾತು. ಖಾಲಿ ಹೊಟ್ಟಿಲೆ ಕರ್ಕೊಂಡು ಹೋಗಬ್ಯಾಡ. ನಮ್ಮ ಓಣ್ಯಾಗ ಒಬ್ರು ಟಾಯ್ ಪಾಮ್, ಅಂದ್ರ ಭಾಳ ಸಣ್ಣ ಪಾಮೇರಿಯನ್, ಮರಿ ತಂದಿದ್ರು, ಕಿಲೋನೂ ಇರ್ಲಿಲ್ಲ, ವಾಂತಿ ಮಾಡ್ತೈತಿ ಅಂತ ಮುಂಜಾನಿಂದ ಏನೂ ಹಾಕದ ಸೂಜಿಗೆ ಕರ್ಕೊಂಡು ಹೋದ್ರು, ಅಲ್ಲಿ ಪಾಳಿ ಎರಡು ತಾಸು, ಅಲ್ಲೇ ತಲಿ ತೂಗಿ ಮಲಗಿಬಿಡ್ತು. ಸೂಜಿನ ಇನ್ನಾ ಮಾಡಿರ್ಲಿಲ್ಲ, ಆದ್ರ ಮಂದಿ ಎಲ್ಲಾ ಸೂಜಿ ಮಾಡಿ ಹಿಂಗಾತು ಅಂದ್ರು. ಡಾಕ್ಟ್ರು ನೋಡಿ ಸಕ್ಕರಿ ಇಳದೈತಿ ಅಂತ ವಸಡಿಗೆ ಗ್ಲೂಕೋಸ್ ಹಚ್ಚಿದ್ರು, ಐದ ಮಿನಿಟ್ನ್ಯಾಗ ಕಣ್ಣ ಬಿಡ್ತು. ಅಷ್ಟ ಸಣ್ಣವಕ್ಕ ಮೂರು ನಾಕು ತಾಸಿಗೊಮ್ಮೆ ಹೊಟ್ಟಿಗೆ ಬೇಕು. ಭೀಮ ದೊಡ್ಡಾವ ಆಗ್ಯಾನ, ಆದ್ರೂ ಹಗರ ಏನರ ತಿನ್ಸಿ ಕರ್ಕೊಂಡು ಹೋಗು, ಆಟೋದಾಗ ಹಸಿ ಅರಬಿ ಹಾಸು, ಬಿಸಲ ಏರೂಕಿಂತ ಮೊದ್ಲ ಮನಿ ಸೇರು.

ನವನಗರ ಮಾಮಾ (ಬಾಗಲಕೋಟೆ)

ಎಲ್ಲಾರೂ ಸೇರಿ ನನಗ ಬೈದಂಗ ಆತು, ಇರ್ಲಿ. ಅಜ್ಜಾರ ಫೋಟೋ ಲೆಕ್ಕ ನನಗ ತಲಿಗೆ ಹೋತು. ಆದ್ರ ಒಂದು ಹೇಳ್ರಿ, ನಾಕು ವರ್ಷ ಅರ್ಧಾ ಅರ್ಧಾ ಆಗೇತಲ್ಲ, ಎಲ್ಲಾ ಕೂಡಿಸಿದ್ರ ಎರಡು ಪೂರಾ ಆತಲ್ರಿ?

ಅಥಣಿ ಅಜ್ಜ

ಮಾಮಾ, ಅರ್ಧಾ ಬೆಂದ ಅಕ್ಕಿ ನಾಕು ದಿನದ್ದು ಕೂಡಿಸಿದ್ರ ಒಂದು ಬೆಂದ ಅನ್ನ ಆಗೂದಿಲ್ರಿ. ಪೂರಾ ಡೋಸ್ ರೇಬೀಸ್ ಮಾಡಸ್ರಿ, ಕೂಡ್ಲೇ. ಉಳದದ್ದು ಮರಿ ಇದ್ದಾಗ ಪೂರಾ ಆಗಿತ್ತೋ ಇಲ್ಲೋ ಅಂತ ಕಾರ್ಡ್ ತಗೊಂಡು ಡಾಕ್ಟ್ರಿಗೆ ತೋರಸ್ರಿ. ಪಗ್ಗಿಗೆ ಉಸರಿನ ತ್ರಾಸ ಮೊದ್ಲ ಇರ್ತೈತಿ, ಅದಕ್ಕ ಬಿಸಲಾಗ ಓಡಾಡಿಸಬ್ಯಾಡ್ರಿ.

ಗುಮ್ಮಟದೂರಾಕಿ (ಮೂರು ವಾರದ ಮ್ಯಾಲ)

ಏನಾತು ಅಂತ ಹೇಳ್ದೆ ಬಿಟ್ರ ಪಾಪ ಬರ್ತದ, ಅದಕ್ಕ ಬರ್ಯಾಕತ್ತೀನಿ. ಬುಧವಾರ ಮುಂಜಾನೆ ಎಂಟಕ್ಕ ಹೋದ್ವಿ, ಹೋದ ವರ್ಷ ಉಳಿಸಿದ ಡಾಕ್ಟ್ರ ಹತ್ರನ. ಮೊದ್ಲ ತೂಕ ಮಾಡ್ಬೇಕು ಅಂದ್ರು, ಅವ್ರ ತಕ್ಕಡಿ ದೊಡ್ಡ ನಾಯೀದು, ಭೀಮ ಹತ್ತಿ ನಿಂತ್ರ ಸೊನ್ನಿ ತೋರಸ್ತದ, ಕಡೀಕ ಬಾಜೂ ಕಾಯಿಪಲ್ಲೆ ಅಂಗಡಿಯಾಂವನ ತಕ್ಕಡಿ ಮ್ಯಾಲ ಪುಟ್ಟಿಯೊಳಗ ಕುಂದರಿಸಿ ತೂಗಿದ್ವಿ, 2 ಕಿಲೋ 950. ಬದನಿಕಾಯಿ ಕೊಳ್ಳಾಕ ಬಂದ ಅಜ್ಜಿ ಕಿಲೋ ಎಷ್ಟು ಅಂತ ಕೇಳಿದ್ಲು.

ಹೋದ ವರ್ಷದ ಫೋಟೋ ತೋರ್ಸಿದೆ, ಅಜ್ಜಾರು ಹೇಳಿದಂಗ ಎಲ್ಲಾ ಹೇಳ್ದೆ. ಡಾಕ್ಟ್ರು ಭಾಳ ಶಾಂತ ಕೇಳಿದ್ರು, ಜ್ವರ ನೋಡಿದ್ರು, ಕಿವ್ಯಾಗ ಉಣ್ಣಿ ಅದಾವೇನು ನೋಡಿದ್ರು, ಈ ಸಲ ರೇಬೀಸ್ ಒಂದ ಸಾಕು, ಪುಡಿ ಲಸಿಕಿದು ಸ್ಟಿಕರ್ ಪ್ರಕಾರ ಇನ್ನಾ ಟೈಮ್ ಅದ, ಲೆಪ್ಟೋ ಮಳಿಗಾಲಕ್ಕ ಮೊದ್ಲ ವಿಚಾರ ಮಾಡೂಣು ಅಂದ್ರು. ಅಲರ್ಜಿ ಇಂಜೆಕ್ಷನ್ ಮೊದ್ಲ ಮಾಡಿ ಸ್ವಲ್ಪ ಹೊತ್ತು ಬಿಟ್ಟು ರೇಬೀಸ್ ಚುಚ್ಚಿದ್ರು, ಪೂರಾ ಡೋಸ್. ಫ್ರಿಜ್‌ನ್ಯಾಗಿಂದ ನಮ್ಮ ಮುಂದ ತಗದ್ರು, ಸ್ಟಿಕರ್ ನಾನ ಕೇಳಿ ಹಚ್ಚಿಸಿಕೊಂಡೆ. ನಮ್ಮ ಮನಿಯವ್ರು ಆಫೀಸಿಗೆ ಹೊತ್ತಾತು ಅಂತ ಗಡಬಡ ಮಾಡಿದ್ರೂ ಒಂದು ತಾಸು ಬೇವಿನ ಗಿಡದ ಕೆಳಗ ಕುಂತ್ವಿ. ನಾ ಐದ ಮಿನಿಟಿಗೊಮ್ಮೆ ಭೀಮನ ತುಟಿ ಎತ್ತಿ ವಸಡಿ ನೋಡೂದು ನೋಡಿ ಅಲ್ಲಿದ್ದ ಕಂಪೌಂಡರ್ ನಕ್ಕ, ನಗ್ಲಿ.

ಏನೂ ಆಗ್ಲಿಲ್ರಿ! ಮನಿಗೆ ಬಂದು ಇಡೀ ದಿನ ಮಲಗ್ತು, ರಾತ್ರಿ ಎದ್ದು ಅನ್ನ ತಿಂತು. ಚುಚ್ಚಿದ ಜಾಗದಾಗ ಬಟಾಣಿಯಷ್ಟು ಗಂಟು ಬಂದಿತ್ತು, ಹತ್ತ ದಿನಕ್ಕ ಕರಗ್ತು. ಗಂಟು ತಿಂಗಳ ಮ್ಯಾಲೂ ಬೆಳಕೊಂತ ಹೋದ್ರ ತೋರಸ್ರಿ ಅಂದಿದ್ರು, ಅಲ್ಲೀತನಕ ಬರ್ಲಿಲ್ಲ. ನಮ್ಮ ಅತ್ತಿ ಈಗ ಓಣ್ಯಾಗೆಲ್ಲಾ ನಾನ ಹೇಳಿ ಕಳ್ಸಿದ್ದೆ ಅಂತ ಹೇಳ್ಕೊಂತ ತಿರಗ್ಲಾಕತ್ತಾರ.

ನವನಗರ ಮಾಮಾ (ಬಾಗಲಕೋಟೆ)

ಭಾಳ ಚೊಲೋ ಆತು ತಂಗಿ. ನಾನೂ ಹೋದ ಸೋಮವಾರ ಪಗ್ಗಿಗೆ ಪೂರಾ ಡೋಸ್ ರೇಬೀಸ್ ಮಾಡಿಸ್ದೆ, ದವಾಖಾನಿಗೇ ಹೋಗಿ. ಅರ್ಧಾ ತಾಸು ಕುಂತಿದ್ದೆ, ಅದು ಗೊರಕಿ ಹೊಡದು ನಿದ್ದಿ ಮಾಡ್ತು. ಆದ್ರ ಈಗ ಷಡ್ಡಕ ಸಿಟ್ಟಿಗೆದ್ದಾನ, ಅವನ ಪಾಮೇರಿಯನ್ನಿಗೆ ಇನ್ಮ್ಯಾಗ ಉಳದರ್ಧಾ ಎಲ್ಲಿಂದ ತರೂದು ಅಂತ. ಅವಂಗ ಅಜ್ಜಾರು ಬರದದ್ದು ಪೂರಾ ಓದಿ ತೋರಸಾಕ ಇವತ್ತು ಸಂಜೀಕ ವಿದ್ಯಾಗಿರಿಗೆ ಹೊಂಟೀನಿ.